ಲೆವೆನ್‌ವರ್ತ್‌ನ ಹಿಂದಿನ ಓಣಿಯಲ್ಲಿ ಅಪ್ಪ

ಅಪ್ಪ ಪೇಟೆ ನೋಡುವ ರೀತಿಯೇ ಬೇರೆ. ನಾವೆಲ್ಲ ಅಂಗಡಿಯೊಳಗೆ ಏನಿದೆ ಅಂತ ನೋಡುತ್ತೇವೆ. ಅವರು ಮೊದಲು ಬಾಗಿಲು ನೋಡುತ್ತಾರೆ. ಆಮೇಲೆ ಸೂರು. ಆಮೇಲೆ ಎದುರು ನಿಂತು, ಮಳೆ ಬಂದರೆ ಗಿರಾಕಿ ಎಲ್ಲಿ ನಿಲ್ಲುತ್ತಾರೆ ಅಂತ ಯೋಚಿಸುತ್ತಾರೆ. ತೀರ್ಥಹಳ್ಳಿಯಲ್ಲಿ ನಲವತ್ತು ವರ್ಷಕ್ಕೂ ಜಾಸ್ತಿ ಬಟ್ಟೆ ಅಂಗಡಿ ನಡೆಸಿದವರು. ಅಲ್ಲಿನ ಮಳೆಗೆ ಹೆದರಿ ಬದುಕಿದ ವ್ಯಾಪಾರಿಗೆ ಸೂರು ಕಾಣದೇ ಇನ್ನೇನು ಕಂಡೀತು?

ನಾನಿರುವುದು ಸಿಯಾಟಲ್ ಹತ್ತಿರದ ಬಾಥೆಲ್‌ನಲ್ಲಿ. ಊರಿಂದ ಯಾರೇ ಬಂದರೂ ನಾವು ಇಲ್ಲಿನ ಗೆಳೆಯರೆಲ್ಲ ಮಾಡುವ ಕೆಲಸ ಒಂದೇ. ಒಂದು ದಿನ ರೈನಿಯರ್ ಬೆಟ್ಟ, ಒಂದು ದಿನ ಲೆವೆನ್‌ವರ್ತ್. ನಾನು ಲೆವೆನ್‌ವರ್ತ್‌ಗೆ ಏಳೆಂಟು ಸಲ ಹೋಗಿದ್ದೆ. ಡಿಸೆಂಬರ್‌ನಲ್ಲಿ ದೀಪ ನೋಡಿದ್ದೆ, ಹಿಮದಲ್ಲಿ ಮಕ್ಕಳನ್ನು ಜಾರಿಸಿದ್ದೆ, ಫೋಟೋ ತೆಗೆದಿದ್ದೆ. ಅದು ಜರ್ಮನಿಯ ಬವೇರಿಯಾ ಸೀಮೆಯ ಹಳ್ಳಿಯ ಹಾಗೆ ಕಾಣುವ ಊರು. ಮರದ ಬಾಲ್ಕನಿ, ಇಳಿಜಾರು ಮಾಡು, ಗೋಡೆಯ ಮೇಲೆ ಬಣ್ಣದ ಚಿತ್ರ. ಯಾಕೆ ಹಾಗಿದೆ ಅಂತ ಒಂದು ಸಲವೂ ಕೇಳಿಕೊಂಡಿರಲಿಲ್ಲ. ಜರ್ಮನಿಯವರು ಬಂದು ನೆಲೆಸಿರಬೇಕು ಅಂದುಕೊಂಡಿದ್ದೆ. ಹೋದ ಅಕ್ಟೋಬರ್‌ನಲ್ಲಿ ಅಪ್ಪ, ಅಮ್ಮನ ಜೊತೆ ಹೋದಾಗಲೇ ಈ ಊರಿನ ಕಥೆ ನನಗೆ ಸರಿಯಾಗಿ ಗೊತ್ತಾಗಿದ್ದು.

ವಾರದ ನಡುವೆ ಹೋದೆವು. ಶನಿವಾರ ಹೋದರೆ ಕಾರು ನಿಲ್ಲಿಸಲಿಕ್ಕೇ ಅರ್ಧ ದಿನ ಬೇಕು. ಹೈವೇ 2 ಹಿಡಿದು ಮನ್ರೋ, ಸುಲ್ತಾನ್, ಗೋಲ್ಡ್ ಬಾರ್ ದಾಟಿದರೆ ರಸ್ತೆ ನಿಧಾನವಾಗಿ ಕಾಡೊಳಗೆ ನುಗ್ಗುತ್ತದೆ. ಸುಮಾರು 4,000 ಅಡಿ ಎತ್ತರದ ಸ್ಟೀವನ್ಸ್ ಪಾಸ್ ಘಟ್ಟ ಹತ್ತಿ ಇಳಿದ ಮೇಲೆ ಟಮ್‌ವಾಟರ್ ಕಣಿವೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ವೆನಾಚಿ ಹೊಳೆ. ಅಮ್ಮ ಆಗುಂಬೆ ಘಾಟಿ ಅಂದರು. ಅಪ್ಪ ಮಾತಾಡಲಿಲ್ಲ. ಹೊಳೆಯ ಮೇಲೆ ಒಂದು ಹಳೇ ಕಬ್ಬಿಣದ ಸೇತುವೆ ಕಂಡಿತು. ಅದರ ಆಚೆ ರಸ್ತೆಯೂ ಇಲ್ಲ, ಮನೆಯೂ ಇಲ್ಲ.

"ಅದು ಎಂತದಕ್ಕೆ ಕಟ್ಟಿದ್ದು?" ಅಂದರು.

ಗೊತ್ತಿಲ್ಲ ಅಂದೆ. ಅವರಿಗೆ ಆ ಉತ್ತರ ಸಾಕಾಗಲಿಲ್ಲ. ಮುಂದೆ ಜಾಗ ಸಿಕ್ಕಿದಲ್ಲಿ ಕಾರು ನಿಲ್ಲಿಸಿ, ಫೋನಿನಲ್ಲಿ ಹುಡುಕಿ ಓದಿ ಹೇಳಿದೆ. ಅದು ಜನ ಓಡಾಡಲಿಕ್ಕೆ ಕಟ್ಟಿದ ಸೇತುವೆ ಅಲ್ಲ. ಮೇಲೆ ಅಣೆಕಟ್ಟು ಕಟ್ಟಿ, ದೊಡ್ಡ ಪೈಪಿನಲ್ಲಿ ನೀರು ತಂದು, ಕರೆಂಟು ಮಾಡಿ, ಘಟ್ಟದ ಸುರಂಗದಲ್ಲಿ ರೈಲು ಎಳೆಸಿದ್ದರು. ಗ್ರೇಟ್ ನಾರ್ದರ್ನ್ ರೈಲ್ವೆಯವರು 1909ರ ಹೊತ್ತಿಗೆ ಮಾಡಿದ ಕೆಲಸ. ಪೈಪನ್ನು ಹೊಳೆ ದಾಟಿಸಲಿಕ್ಕೆ ಆ ಸೇತುವೆ. ಇನ್ನೊಂದು ವಿಷಯವೂ ಸಿಕ್ಕಿತು. ನಾವು ಕೂತು ಬಂದ ಆ ರಸ್ತೆಯೇ ಮೊದಲು ರೈಲು ದಾರಿ. 1920ರ ದಶಕದ ಕೊನೆಗೆ ರೈಲ್ವೆಯವರು ಹಳಿಯನ್ನು ಪಕ್ಕದ ಚಮ್‌ಸ್ಟಿಕ್ ಕಣಿವೆಗೆ ಬದಲಾಯಿಸಿದರು. ಖಾಲಿ ಬಿದ್ದ ದಾರಿ ಹೈವೇ ಆಯಿತು.

"ಹಾಗಾದ್ರೆ ಊರಿಗೆ ರೈಲು ತಪ್ಪಿತು," ಅಂದರು ಅಪ್ಪ. ಅಷ್ಟು ಸಾಕಾಗಿತ್ತು ಅವರಿಗೆ. ಪೇಟೆಯ ಮುಂದಿನ ಕಥೆ ಅವರೇ ಊಹಿಸಿದ್ದರು.

ಅವರ ಊಹೆ ಸರಿಯಾಗಿಯೇ ಇತ್ತು. ಈ ಜಾಗ ಮೊದಲಿಗೆ ಪಿ'ಸ್ಕ್ವೋಸಾ ಜನರದ್ದು, ಅಂದರೆ ವೆನಾಚಿ ಬುಡಕಟ್ಟಿನವರದ್ದು. ಐಸಿಕಲ್ ತೊರೆ ವೆನಾಚಿ ಹೊಳೆಗೆ ಸೇರುವಲ್ಲಿ ಅವರು ಸಾಮನ್ ಮೀನು ಹಿಡಿಯುತ್ತಿದ್ದರು. 1855ರ ಒಪ್ಪಂದದಲ್ಲಿ ಆ ಮೀನಿನ ಜಾಗ ನಿಮಗೇ ಇರಲಿ ಅಂತ ಅಮೆರಿಕ ಸರ್ಕಾರದವರು ಬರೆದುಕೊಟ್ಟಿದ್ದರು. ಉಳಿಸಿಕೊಡಲಿಲ್ಲ. ಈ ಊರಿನ ಬಗ್ಗೆ ಎಷ್ಟು ಒಳ್ಳೆಯ ಮಾತು ಹೇಳಿದರೂ ಇದನ್ನು ಬಿಟ್ಟು ಹೇಳಲಿಕ್ಕೆ ನನಗೆ ಮನಸ್ಸಿಲ್ಲ.

1890ರ ದಶಕದ ಮೊದಲಲ್ಲಿ ರೈಲು ಬಂತು. ರೈಲಿನ ಹಿಂದೆ ಪೇಟೆ ಬಂತು. 1903ರಲ್ಲಿ ಅಯೋವಾದಿಂದ ಲಫಾಯೆಟ್ ಲ್ಯಾಂಬ್ ಅನ್ನುವವರು ಬಂದು ಸಾಮಿಲ್ಲು ಹಾಕಿದರು. ಇಡೀ ವಾಷಿಂಗ್ಟನ್ ರಾಜ್ಯದಲ್ಲಿ ಎರಡನೇ ದೊಡ್ಡ ಸಾಮಿಲ್ಲು ಅದು. 1906ರಲ್ಲಿ ಲೆವೆನ್‌ವರ್ತ್ ಅಧಿಕೃತವಾಗಿ ಪಟ್ಟಣವಾಯಿತು. 1920ರ ದಶಕದಲ್ಲಿ ರೈಲ್ವೆ ತನ್ನ ಕಚೇರಿಯನ್ನು ವೆನಾಚಿ ಅನ್ನುವ ಪಕ್ಕದ ಪಟ್ಟಣಕ್ಕೆ ಎತ್ತಿಕೊಂಡು ಹೋಯಿತು. ಸಾಮಿಲ್ಲೂ ಮುಚ್ಚಿತು. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಊರು ಸುಮ್ನೆ ಒಣಗಿತು. ಫ್ರಂಟ್ ಸ್ಟ್ರೀಟ್ ಅನ್ನುವ ಮುಖ್ಯ ಬೀದಿಯಲ್ಲಿ ಸಾಲಾಗಿ ಅಂಗಡಿಗಳು ಖಾಲಿ ಬಿದ್ದಿದ್ದವು. ಓದಿದ ಮಕ್ಕಳು ಊರು ಬಿಟ್ಟರು. ಹೈವೇಯಲ್ಲಿ ಕಾರುಗಳು ಹೋಗುತ್ತಿದ್ದವು, ನಿಲ್ಲುತ್ತಿರಲಿಲ್ಲ.

ಪೇಟೆ ಸೇರಿದಾಗ ಹನ್ನೊಂದು ಗಂಟೆ. ಬಿಸಿಲು ಚೆನ್ನಾಗಿತ್ತು. ಫ್ರಂಟ್ ಸ್ಟ್ರೀಟ್‌ನ ಒಂದು ಪಕ್ಕ ಅಂಗಡಿ ಸಾಲು, ಇನ್ನೊಂದು ಪಕ್ಕ ಪಾರ್ಕು. ಆ ಪಾರ್ಕಿನಲ್ಲಿ ಒಂದು ಮಂಟಪ. ಹಿಂದೆ ಅಲ್ಲೇ ರೈಲು ಹಳಿ ಇತ್ತಂತೆ. ಅಮ್ಮ ಮಂಟಪದ ಹತ್ತಿರ ಬೆಂಚು ಹಿಡಿದು ಕೂತರು. ಎದುರು ಕಾಣುವ ಬೆಟ್ಟಸಾಲು ಮಲಗಿದ ಹೆಂಗಸಿನ ಹಾಗಿದೆ ಅಂತ ಇಲ್ಲಿನವರು ಅದಕ್ಕೆ ಸ್ಲೀಪಿಂಗ್ ಲೇಡಿ ಅನ್ನುತ್ತಾರೆ ಅಂದೆ. ಅಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಪಾಪ, ಅವಳಿಗಾದರೂ ಮಲಗಲಿಕ್ಕೆ ಪುರುಸೊತ್ತು ಸಿಕ್ತಲ್ಲ," ಅಂದರು.

ಅಪ್ಪ ಬೀದಿಯ ಈ ತುದಿಯಿಂದ ಆ ತುದಿಗೆ ಒಂದು ಸಲ ನಡೆದರು. ಒಂದು ಅಂಗಡಿಗೂ ಒಳಗೆ ಹೋಗಲಿಲ್ಲ. ವಾಪಸ್ ಬಂದು, "ಹಿಂದೆ ಹೋಗಿ ನೋಡುವ," ಅಂದರು.

ಹಿಂದೆ ಅಂದರೆ ಅಂಗಡಿ ಸಾಲಿನ ಬೆನ್ನಿಗಿರುವ ಓಣಿ. ಪ್ರವಾಸಿಗರು ಅತ್ತ ಹೋಗುವುದಿಲ್ಲ. ಕಸದ ಡಬ್ಬಿ, ಗ್ಯಾಸಿನ ಮೀಟರು, ಸಾಮಾನು ಇಳಿಸುವ ವ್ಯಾನು. ಅಲ್ಲಿ ಬವೇರಿಯಾ ಇರಲಿಲ್ಲ. ಕೆಂಪು ಇಟ್ಟಿಗೆಯ ಗೋಡೆ ಇತ್ತು. ಇಟ್ಟಿಗೆಯ ಮೂಲೆಗಳು ಸವೆದು ದುಂಡಗಾಗಿದ್ದವು. ಒಂದು ಕಡೆ ಕಮಾನಿನ ಕಿಟಕಿ ಇದ್ದ ಜಾಗವನ್ನು ಬೇರೆ ಬಣ್ಣದ ಇಟ್ಟಿಗೆಯಿಂದ ಮುಚ್ಚಿದ್ದರು. ಅಪ್ಪ ಎರಡು ಇಟ್ಟಿಗೆಯ ನಡುವೆ ಹೆಬ್ಬೆರಳ ಉಗುರು ಇಟ್ಟು ಗಾರೆಯನ್ನು ಮೆಲ್ಲಗೆ ಗೀರಿದರು. ಬಿಳಿ ಪುಡಿ ಉದುರಿತು. ಅದನ್ನು ಬೆರಳಲ್ಲಿ ಉಜ್ಜಿದರು. ಆಮೇಲೆ ಕಟ್ಟಡದ ಪಕ್ಕಕ್ಕೆ ಹೋಗಿ, ಮುಂದಿನ ಮರದ ಬಾಲ್ಕನಿ ಆ ಇಟ್ಟಿಗೆ ಗೋಡೆಗೆ ಎಲ್ಲಿ ಕೂಡುತ್ತದೆ ಅಂತ ಕತ್ತೆತ್ತಿ ನೋಡಿದರು. ತೊಲೆಯನ್ನು ದಪ್ಪ ಬೋಲ್ಟಿನಲ್ಲಿ ಗೋಡೆಗೆ ಕಚ್ಚಿಸಿದ್ದರು. ಸಂದಿಗೆ ನೀರು ಇಳಿಯದ ಹಾಗೆ ತಗಡು ಮಡಚಿ ಹೊದಿಸಿದ್ದರು. ಮಾಡು ಗೋಡೆಯಿಂದ ಮೂರು ಅಡಿಯಾದರೂ ಮುಂದೆ ಚಾಚಿತ್ತು.

ತುಂಬಾ ಹೊತ್ತು ನೋಡಿದರು. ಆಮೇಲೆ ಹೇಳಿದ ಮಾತು ನನಗೆ ಈಗಲೂ ಹಾಗೇ ನೆನಪಿದೆ. "ಅಂಗಿ ಹೊಲಿಸಿದಾರೆ ಮಾರಾಯ್ತಿ. ಮೈ ಕೊಯ್ದಿಲ್ಲ."

ನಾನು ಅಷ್ಟು ಸಲ ಬಂದರೂ ಇದು ಕಂಡಿರಲಿಲ್ಲ. ಹಳೇ ಸಾಮಿಲ್ಲು ಊರು ಇನ್ನೂ ಒಳಗೇ ಇದೆ. ಅದರ ಮೇಲೆ ಬೇರೆ ಉಡುಪು.

ಆ ಉಡುಪು ಯಾರು ಹೊಲಿಸಿದ್ದು ಅಂತ ಊರಿನ ಚಿಕ್ಕ ಮ್ಯೂಸಿಯಂನಲ್ಲೂ, ಆಮೇಲೆ ಮನೆಗೆ ಬಂದು ರಾತ್ರಿಗಟ್ಟಲೆ ಕೂತೂ ಓದಿದೆ. ಓದುತ್ತಾ ಹೋದ ಹಾಗೆ ನನಗೆ ಇಷ್ಟವಾಗಿದ್ದು ಬವೇರಿಯಾ ಅಲ್ಲ. ಅದಕ್ಕೂ ಮೊದಲಿನ ಎರಡು ಮೂರು ವರ್ಷ.

1962ರಲ್ಲಿ ಊರಿನ ಹೆಂಗಸರ ಕ್ಲಬ್ಬಿನವರು ಮುಂದೆ ಬಂದರು. ಹೀಗೇ ಬಿಟ್ಟರೆ ಊರು ಮುಗಿಯಿತು ಅನ್ನುವುದು ಅವರಿಗೆ ಸ್ಪಷ್ಟವಾಗಿತ್ತು. ಊರಿಗೊಂದು ಔಷಧದಂಗಡಿ ನಡೆಸುತ್ತಿದ್ದ, ಕಿರಾಣಿ ಇಟ್ಟಿದ್ದ, ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಇಂಥ ಮನೆಗಳವರೇ ಎಲ್ಲ ಚಿಕ್ಕ ಊರುಗಳಲ್ಲೂ ಮುಂದೆ ನಿಲ್ಲುವುದು, ಅಲ್ವಾ? ವಾಷಿಂಗ್ಟನ್ ವಿಶ್ವವಿದ್ಯಾಲಯದ ನೆರವು ಪಡೆದು ಒಂದು ಕೆಲಸ ಶುರು ಮಾಡಿದರು. ಅದರ ಹೆಸರು 'ಲೆವೆನ್‌ವರ್ತ್ ಇಂಪ್ರೂವ್‌ಮೆಂಟ್ ಫಾರ್ ಎವ್ರಿವನ್'. ಎಲ್ಲರಿಗಾಗಿ ಊರಿನ ಸುಧಾರಣೆ ಅಂತ. ಮೊದಲ ಅಕ್ಷರಗಳನ್ನು ಸೇರಿಸಿದರೆ ಲೈಫ್ ಅಂತಾಗುತ್ತದೆ. ಪ್ರಾಜೆಕ್ಟ್ ಲೈಫ್ ಅಂತಲೇ ಕರೆದರು. ಯಾರೋ ದೊಡ್ಡ ಕಂಪನಿ ಬರುತ್ತದೆ, ಸರ್ಕಾರ ಕೊಡುತ್ತದೆ ಅಂತ ಕಾಯಲಿಲ್ಲ. ಸಮಿತಿಗಳನ್ನು ಮಾಡಿಕೊಂಡು, ನಮ್ಮ ಊರಿನಲ್ಲಿ ಏನಿದೆ, ಏನಿಲ್ಲ ಅಂತ ಕೂತು ಮಾತಾಡಿದರು.

1964ರಲ್ಲಿ ಆಟಮ್ ಲೀಫ್ ಹಬ್ಬ ಶುರು ಮಾಡಿದರು. ಶರತ್ಕಾಲದಲ್ಲಿ ಇಲ್ಲಿನ ಎಲೆಗಳು ಹಳದಿ, ಕೆಂಪು ಆಗುತ್ತವೆ. ಅದು ಯಾವ ಬಜೆಟ್ಟೂ ಇಲ್ಲದೆ ಊರಿಗೆ ಮೊದಲೇ ಇದ್ದ ಆಸ್ತಿ. ಅದನ್ನೇ ಹಿಡಿದು ಹಬ್ಬ ಮಾಡಿದರು. ಈಗಲೂ ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ನಡೆಯುತ್ತದೆ. ಗಮನಿಸಿ, ಆಗ ಬೀದಿಯಲ್ಲಿ ಒಂದು ಬವೇರಿಯನ್ ಬಾಲ್ಕನಿಯೂ ಇರಲಿಲ್ಲ. ಮೊದಲು ಜಾತ್ರೆ, ಆಮೇಲೆ ಅಂಗಡಿ.

ಇದನ್ನು ಹೇಳಿದಾಗ ಅಪ್ಪನ ಮುಖ ಅರಳಿತು. ನಮ್ಮ ಎಳ್ಳಮಾವಾಸ್ಯೆ ಜಾತ್ರೆಯ ವಾರದಲ್ಲಿ ಅವರು ಮಾಡುತ್ತಿದ್ದ ವ್ಯಾಪಾರ ಬೇರೆ ಎರಡು ತಿಂಗಳಿಗೆ ಸಮ. ಹಳ್ಳಿಗಳಿಂದ ತುಂಗೆಯಲ್ಲಿ ಮುಳುಗು ಹಾಕಲಿಕ್ಕೆ, ತೇರು ನೋಡಲಿಕ್ಕೆ ಬಂದವರು ಹಾಗೇ ಬೀದಿಯಲ್ಲಿ ನಡೆದು ಬರುತ್ತಿದ್ದರು. ಸೀರೆ ತಗೊಳ್ಳದಿದ್ದರೂ ಜಗಲಿಯ ಮೇಲೆ ಕೂತು ನೀರು ಕುಡಿದು ಹೋಗುತ್ತಿದ್ದರು. "ಈ ಸಲ ಕೂತವರು ಮುಂದಿನ ಸಲ ತಗೊಳ್ತಾರೆ," ಅನ್ನುವುದು ಅಜ್ಜನ ಕಾಲದ ಮಾತು.

ಇನ್ನು ಬವೇರಿಯಾ. ಟೆಡ್ ಪ್ರೈಸ್, ಬಾಬ್ ರಾಜರ್ಸ್ ಅಂತ ಸಿಯಾಟಲ್ ಕಡೆಯ ಇಬ್ಬರು 1960ರಲ್ಲಿ ಇದೇ ಹೈವೇಯ ಮೇಲೆ, ಊರಿಂದ ಸ್ವಲ್ಪ ಹಿಂದೆ ಕೋಲ್ಸ್ ಕಾರ್ನರ್‌ನಲ್ಲಿ ಒಂದು ಹೋಟೆಲು ತಗೊಂಡಿದ್ದರು. ಊಟದ ಹೋಟೆಲು. ಸುತ್ತಲಿನ ಬೆಟ್ಟ ಆಲ್ಪ್ಸ್ ಹಾಗೆ ಕಾಣುತ್ತದೆ, ಪೇಟೆಯನ್ನೂ ಹಾಗೇ ಮಾಡಿದರೆ ಕಾರುಗಳು ನಿಲ್ಲುತ್ತವೆ ಅನ್ನುವುದು ಅವರ ಯೋಚನೆ. ಲೈಫ್ ಸಮಿತಿಯೊಳಗೇ 'ಪ್ರಾಜೆಕ್ಟ್ ಆಲ್ಪೈನ್' ಅಂತ ಒಂದು ಉಪಸಮಿತಿ ಆಯಿತು. ಪ್ರೈಸ್ ಅದರ ಅಧ್ಯಕ್ಷ. ಊರಲ್ಲಿ ತುಂಬಾ ಜನಕ್ಕೆ ಇದು ಹಿಡಿಸಲಿಲ್ಲ. ಮರ ಕಡಿಯುವ, ಹಳಿ ರಿಪೇರಿ ಮಾಡುವ ಜನರ ಊರು. ಜರ್ಮನಿಗೂ ನಮಗೂ ಏನು ಸಂಬಂಧ ಅನ್ನುವುದು ನ್ಯಾಯವಾದ ಪ್ರಶ್ನೆಯೇ.

1965ರಲ್ಲಿ ಅವರಿಬ್ಬರೂ ಊರಿನ ಕೆಲವರನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದ ಸೋಲ್ವಾಂಗ್‌ಗೆ ಹೋದರು. ಅದು ಡೆನ್ಮಾರ್ಕ್ ಶೈಲಿಯ ಪೇಟೆ. ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಕಣ್ಣಾರೆ ನೋಡಲಿ ಅಂತ. ಅಪ್ಪ ಇದನ್ನು ಕೇಳಿ, "ಸರಿ ಮಾಡಿದ್ರು. ಹೆಣ್ಣು ನೋಡದೆ ಮಾತು ಕೊಡ್ಲಿಕ್ಕೆ ಆಗ್ತದಾ?" ಅಂದರು.

ಮೊದಲು ಮಾತು ಕೊಟ್ಟವರು ಲಾವರ್ನ್ ಪೀಟರ್ಸನ್ ಅನ್ನುವ ಹೆಂಗಸು. ಅವರದ್ದು ಚಿಕಮಿನ್ ಹೋಟೆಲ್. ಅಪ್ಪ ಆ ಹೆಸರು ಕೇಳಿ, "ಚಿಕ್ಕಮಗಳೂರಾ?" ಅಂದರು. ಅಲ್ಲ. ಚಿಕಮಿನ್ ಅನ್ನುವುದು ಈ ಭಾಗದ ಹಳೇ ವ್ಯಾಪಾರದ ಭಾಷೆ ಚಿನೂಕ್ ಜಾರ್ಗನ್‌ನ ಪದ. ಲೋಹ, ದುಡ್ಡು ಅಂತ ಅರ್ಥ. ಪೀಟರ್ಸನ್ ತಮ್ಮ ಹೋಟೆಲಿಗೆ ಬವೇರಿಯಾದ ರೂಪ ಕೊಟ್ಟು ಎಡೆಲ್‌ವೈಸ್ ಅಂತ ಹೊಸ ಹೆಸರಿಟ್ಟರು. ಆಲ್ಪ್ಸ್ ಬೆಟ್ಟದ ಒಂದು ಬಿಳಿ ಹೂವಿನ ಹೆಸರು ಅದು. ಆಮೇಲೆ ಪೌಲೀನ್ ಮತ್ತು ಓವನ್ ವಾಟ್ಸನ್ ದಂಪತಿ, ಇನ್ನು ಕೆಲವರು ಒಬ್ಬೊಬ್ಬರಾಗಿ ಸೇರಿದರು. ಜರ್ಮನಿಯಲ್ಲಿ ಹುಟ್ಟಿದ ಹೈಂಜ್ ಉಲ್ಬ್ರಿಕ್ಟ್ ಅನ್ನುವವರು ಮುಂದೆ ಹಲವು ಕಟ್ಟಡಗಳ ವಿನ್ಯಾಸ ಮಾಡಿದರು.

ದುಡ್ಡು ಎಲ್ಲಿಂದ ಬಂತು ಅನ್ನುವುದು ಅಪ್ಪನ ಮುಖ್ಯ ಪ್ರಶ್ನೆ. ಅವರವರದ್ದೇ. ಅವರವರ ಕಟ್ಟಡಕ್ಕೆ ಅವರವರೇ ಸಾಲ ಮಾಡಿ ಹಾಕಿದರು. ಗಿರಾಕಿಯೇ ಇಲ್ಲದ ಬೀದಿಯಲ್ಲಿ, ಪಕ್ಕದವನು ಮಾಡುತ್ತಾನೋ ಇಲ್ಲವೋ ಗೊತ್ತಿಲ್ಲದೆ, ತಾನು ಮೊದಲು ಸಾಲ ಮಾಡುವುದು ಅಂದರೆ ಏನು ಅಂತ ಸಂಬಳಕ್ಕೆ ದುಡಿಯುವ ನನಗೆ ಪೂರ್ತಿ ಅರ್ಥವಾಗುವುದಿಲ್ಲ. ಅಪ್ಪನಿಗೆ ಆಗುತ್ತದೆ. ಅವರು ಎಡೆಲ್‌ವೈಸ್‌ನ ಕಥೆ ಎರಡು ಸಲ ಹೇಳಿಸಿಕೊಂಡರು. "ಆ ಹೆಂಗಸು ರಾತ್ರಿ ನಿದ್ದೆ ಮಾಡಿರ್ಲಿಕ್ಕಿಲ್ಲ," ಅಂದರು.

1968ರಲ್ಲಿ ಲೆವೆನ್‌ವರ್ತ್‌ಗೆ ಆಲ್-ಅಮೆರಿಕ ಸಿಟಿ ಪ್ರಶಸ್ತಿ ಬಂತು. ಜನರೇ ಸೇರಿ ತಮ್ಮ ಊರು ಸುಧಾರಿಸಿಕೊಂಡರೆ ಕೊಡುವ ಅಮೆರಿಕದ ಪ್ರಶಸ್ತಿ ಅದು. ಎಷ್ಟು ಬೇಗ ನೋಡಿ. ಸಮಿತಿ ಶುರುವಾಗಿ ಆರೇ ವರ್ಷ. ಮುಂದೆ ಈ ಶೈಲಿ ಊರಿನ ನಿಯಮವೇ ಆಯಿತು. ಪೇಟೆಯಲ್ಲಿ ಹೊಸದಾಗಿ ಏನು ಕಟ್ಟಿದರೂ ಬವೇರಿಯಾದ ರೂಪ ಇರಬೇಕು. ಅದನ್ನು ನೋಡಲಿಕ್ಕೆ ಒಂದು ಮಂಡಳಿ ಇದೆ. ಬೋರ್ಡಿನ ಅಕ್ಷರವೂ ಹಳೇ ಜರ್ಮನ್ ಅಕ್ಷರದ ಹಾಗೇ ಇರಬೇಕು. ಮೆಕ್‌ಡೊನಾಲ್ಡ್ಸ್, ಸ್ಟಾರ್‌ಬಕ್ಸ್ ಕೂಡ ಇಲ್ಲಿ ತಮ್ಮ ಮಾಮೂಲಿ ವೇಷ ಬಿಟ್ಟು ಊರಿನ ವೇಷ ಹಾಕಿವೆ. ಅಮ್ಮನಿಗೆ ತುಂಬಾ ಹಿಡಿಸಿದ್ದು ಇದೇ. "ದೊಡ್ಡವರ ಹತ್ರಾನೂ ಮಾತು ಕೇಳಿಸಿದಾರಲ್ಲ!" ಅಂತ.

ಈ ದಾರಿ ಎಲ್ಲ ಊರಿಗೂ ಸರಿ ಅಂತ ನನಗೆ ಅನಿಸುವುದಿಲ್ಲ. ಇಲ್ಲಿಂದ ಉತ್ತರಕ್ಕೆ ವಿನ್‌ಥ್ರಾಪ್ ಅನ್ನುವ ಊರು 1972ರಲ್ಲಿ, ನಾರ್ತ್ ಕ್ಯಾಸ್ಕೇಡ್ಸ್ ಹೈವೇ ತೆರೆಯುವ ಹೊತ್ತಿಗೆ, ಹಳೇ ಕೌಬಾಯ್ ಕಾಲದ ಮರದ ಮುಂಭಾಗಗಳನ್ನು ಕಟ್ಟಿಕೊಂಡು ಬದುಕಿಕೊಂಡಿತು. ಅದು ಆ ಊರಿನ ಸ್ವಂತ ಕಥೆಗೆ ಹತ್ತಿರ. ಲೆವೆನ್‌ವರ್ತ್ ಮಾತ್ರ ದೂರದ ಕಥೆಯನ್ನು ತಂದು ಹೊದ್ದುಕೊಂಡಿತು. ರೈಲ್ವೆಯವರ, ಸಾಮಿಲ್ಲಿನ ಕೂಲಿಯವರ, ಮೀನು ಹಿಡಿಯುತ್ತಿದ್ದ ಪಿ'ಸ್ಕ್ವೋಸಾ ಜನರ ಗುರುತು ಮುಂದಿನ ಬೀದಿಯಲ್ಲಿ ಹುಡುಕಬೇಕು. ನನಗೆ ಆ ಇಟ್ಟಿಗೆ ಗೋಡೆಯ ಒಂದು ತುಂಡನ್ನಾದರೂ ಮುಂದೆ ತೋರಿಸಬಾರದೇ ಅನಿಸಿತು. ಅಪ್ಪನ ಹತ್ತಿರ ಹೇಳಿದೆ. ಅವರು ಒಪ್ಪಲಿಲ್ಲ. "ಒಳಗೆ ಇಟ್ಟುಕೊಂಡಿದಾರಲ್ಲ. ನಾಳೆ ಬೇಕು ಅಂದ್ರೆ ಅಂಗಿ ಬಿಚ್ಚಬಹುದು. ಕೆಡವಿದ್ರೆ ಎಂತ ಬಿಚ್ತೀಯ?"

ಇನ್ನೊಂದು ಕಷ್ಟ ಇದೆ, ಅದು ಈಗಿನದು. 2020ರ ಜನಗಣತಿಯಲ್ಲಿ ಈ ಊರಿನ ಜನಸಂಖ್ಯೆ 2,381. ಆದರೆ ಹಬ್ಬದ ದಿನ ಬೀದಿಯಲ್ಲಿ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ. ಊರು ಚೆಂದವಾಯಿತು, ಜನ ಬಂದರು, ಬಂದವರು ಮನೆ ಕೊಂಡರು, ಮನೆಯ ಬೆಲೆ ಏರಿತು. ಈಗ ಇದೇ ಅಂಗಡಿಗಳಲ್ಲಿ ಕೆಲಸ ಮಾಡುವವರಿಗೆ ಇಲ್ಲಿ ಮನೆ ಸಿಗುವುದು ಕಷ್ಟ. ನಮಗೆ ಕಾಫಿ ಕೊಟ್ಟ ಹುಡುಗಿ ದಿನಾ ವೆನಾಚಿಯಿಂದ ಓಡಾಡುತ್ತೇನೆ ಅಂದಳು. ಮನೆಗಳಿರುವ ಬೀದಿಗಳಲ್ಲಿ ಎರಡು ದಿನ, ಮೂರು ದಿನಕ್ಕೆ ಬಾಡಿಗೆ ಕೊಡುವುದನ್ನು ನಗರಸಭೆ ನಿಷೇಧಿಸಿದೆ. ಅಪ್ಪರ್ ವ್ಯಾಲಿ ಮೆಂಡ್ ಅನ್ನುವ ಊರಿನ ಸೇವಾ ಸಂಸ್ಥೆ ಜಮೀನನ್ನು ತನ್ನ ಹತ್ತಿರ ಇಟ್ಟುಕೊಂಡು, ಮೇಲಿನ ಮನೆಯನ್ನು ಮಾತ್ರ ದುಡಿಯುವ ಕುಟುಂಬಗಳಿಗೆ ಕೈಗೆಟುಕುವ ಬೆಲೆಗೆ ಕೊಡುತ್ತದೆ. ಅವರದ್ದೇ ಒಂದು ಹಳೇ ಸಾಮಾನಿನ ಅಂಗಡಿಯೂ ಇದೆ. 1962ರಲ್ಲಿ ಊರಿನ ಚಿಂತೆ ಖಾಲಿ ಅಂಗಡಿ. ಈಗಿನ ಚಿಂತೆ ಮನೆ. ಈಗಲೂ ಊರಿನವರೇ ಕೂತು ದಾರಿ ಹುಡುಕುತ್ತಿದ್ದಾರೆ ಅನ್ನುವುದು ನನಗೆ ದೊಡ್ಡ ಸಮಾಧಾನ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ನಮ್ಮ ಬೀದಿಯ ಮಾತು ತೆಗೆದರು. ನಾನು ಚಿಕ್ಕವಳಿದ್ದಾಗ ಅಪ್ಪನ ಅಂಗಡಿಯ ಸಾಲಿನಲ್ಲಿ ಎಂಟು ಅಂಗಡಿ. ಎಲ್ಲದಕ್ಕೂ ಹಲಗೆ ಬಾಗಿಲು. ಬೆಳಗ್ಗೆ ಒಂದೊಂದೇ ಹಲಗೆ ತೆಗೆದು, ನಂಬರು ನೋಡಿ ಒಳಗೆ ಒರಗಿಸಿ ಇಡುವುದು ನನ್ನ, ಅಣ್ಣನ ಕೆಲಸ. ಎಲ್ಲ ಅಂಗಡಿಗೂ ಜಗಲಿ. ಈ ತುದಿಯ ಜಗಲಿ ಹತ್ತಿದರೆ ಮಳೆಯಲ್ಲಿ ನೆನೆಯದೆ ಆ ತುದಿಗೆ ಹೋಗಬಹುದಿತ್ತು. ಮುಖ್ಯ ವಿಷಯ ಏನೆಂದರೆ ಎಂಟಕ್ಕೂ ಸೇರಿ ಮಾಡು ಒಂದೇ. ಒಂದೇ ಉದ್ದದ ಮಂಗಳೂರು ಹಂಚಿನ ಸಾಲು. ಎರಡು ಅಂಗಡಿಗೆ ನಡುವೆ ಒಂದೇ ಗೋಡೆ.

ಮೊದಲ ಅಂಗಡಿ ಕೆಡವಿದ್ದು ನಾನು ಪಿಯುಸಿ ಓದುವಾಗ. ಮಾಲೀಕರು ಮಾರಿದರು, ತಗೊಂಡವರು ಮೂರು ಮಹಡಿ ಕಾಂಕ್ರೀಟು ಕಟ್ಟಿದರು. ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಹಂಚಿನ ಮಾಡು ಪ್ರತಿ ವರ್ಷ ಕೈಯಾಡಿಸಬೇಕು, ಕೆಲಸದವರು ಸಿಗುವುದಿಲ್ಲ, ಮಂಗಗಳ ಕಾಟ ಬೇರೆ. ಆದರೆ ನಡುವಿನ ಹಂಚು ಕಿತ್ತ ಆ ವರ್ಷ ಜೂನ್‌ನಲ್ಲಿ ಎರಡೂ ಪಕ್ಕದ ಅಂಗಡಿಗೆ ನೀರು ಇಳಿಯಿತು. ಒಂದು ಪಕ್ಕ ನಮ್ಮದು. ಹತ್ತಿ ಸೀರೆಯ ಇಡೀ ಒಂದು ಕಪಾಟು ಒದ್ದೆ. ಅಮ್ಮ ಮನೆಯ ಅಟ್ಟದಲ್ಲಿ ಹಗ್ಗ ಕಟ್ಟಿ, ಕೆಳಗೆ ಕೆಂಡದ ಬಾಣಲೆ ಇಟ್ಟು ಸೀರೆ ಒಣಗಿಸಿದ್ದು ನೆನಪಿದೆ. ಹೊಗೆಯ ವಾಸನೆ ಹೋಗಲೇ ಇಲ್ಲ. ಇನ್ನೊಂದು ಪಕ್ಕದವರು ಬೇಸತ್ತು ಮರುವರ್ಷ ಅವರೂ ಕೆಡವಿದರು. ಹೀಗೆ ಒಬ್ಬರು ತೆಗೆದ ಹಂಚು ಪಕ್ಕದವರನ್ನೂ ತಳ್ಳುತ್ತಾ ಹೋಯಿತು. ಈಗ ಹಳೆಯದು ಮೂರು ಉಳಿದಿವೆ. ಅಪ್ಪನದು ಅದರಲ್ಲಿ ಒಂದು. ಅದಕ್ಕೂ ಶಟರು ಬಂದಿದೆ, ಮೇಲೆ ಫ್ಲೆಕ್ಸ್ ಬೋರ್ಡು ಬಂದಿದೆ.

"ನಮ್ಮಲ್ಲಿ ಎಂಟು ಜನ ಒಟ್ಟಿಗೆ ಕೂತು ಒಂದು ದಿನ ಮಾತಾಡಿದ್ದಿಲ್ಲ," ಅಂದರು ಅಪ್ಪ. "ದಿನಾ ಮಾತಾಡ್ತಿದ್ವಿ. ಮಾಡಿನ ಬಗ್ಗೆ ಮಾತಾಡ್ಲಿಲ್ಲ."

ಅಮ್ಮ ಅವರ ತಟ್ಟೆಗೆ ಇನ್ನೊಂದು ಆಲೂಗಡ್ಡೆ ತುಂಡು ಹಾಕಿದರು. ಯಾರೂ ಏನೂ ಹೇಳಲಿಲ್ಲ.

ಬರುವ ಮೊದಲು ಅಪ್ಪ ಒಂದು ಕೆಲಸ ಹೇಳಿದರು. ಮುಂದಿನ ಬೀದಿಯ ಫೋಟೋ ಬೇಡ, ಆ ಬೋಲ್ಟಿನದು, ತಗಡಿನದು ತೆಗಿ ಅಂದರು. ಹನ್ನೆರಡು ಫೋಟೋ ತೆಗೆದೆ. ಒಂದರಲ್ಲಿ ಅವರ ಬೆರಳು ತಗಡಿನ ಮಡಿಕೆಯನ್ನು ತೋರಿಸುತ್ತಿದೆ. ಆಮೇಲೆ ಪೆಶಾಸ್ಟಿನ್ ಹತ್ತಿರ ಹಣ್ಣಿನಂಗಡಿಯಲ್ಲಿ ಒಂದು ಪೆಟ್ಟಿಗೆ ಪೇರ್ ಹಣ್ಣು ತಗೊಂಡು, ಕತ್ತಲಾಗುವ ಮೊದಲು ಘಟ್ಟ ಹತ್ತಿದೆವು.

ಅವರು ಊರಿಗೆ ಹೋಗಿ ಎರಡು ತಿಂಗಳಾಗಿತ್ತು. ಎಳ್ಳಮಾವಾಸ್ಯೆ ಜಾತ್ರೆ ಹತ್ತಿರ ಬಂದಿತ್ತು. ಒಂದು ರಾತ್ರಿ ಅಪ್ಪ ವಿಡಿಯೋ ಕಾಲ್ ಮಾಡಿದರು. ಅಲ್ಲಿ ಬೆಳಗ್ಗೆ. ಫೋನು ಹಿಡಿದಿದ್ದು ಅಂಗಡಿಯ ಹುಡುಗ. ಅಪ್ಪ ಏಣಿಯ ಕೆಳಗೆ ನಿಂತಿದ್ದರು. ಫ್ಲೆಕ್ಸ್ ಬೋರ್ಡು ಕೆಳಗಿತ್ತು, ಗೋಡೆಗೆ ಒರಗಿಸಿದ್ದರು. ಅದು ಇದ್ದ ಜಾಗದಲ್ಲಿ ಹಲಸಿನ ಮರದ ಒಂದು ಉದ್ದದ ಹಲಗೆ ಕಾಣುತ್ತಿತ್ತು. ಅಜ್ಜನ ಕಾಲದ ಬೋರ್ಡು. ಅದರ ಮೇಲೆ ಕೈಯಲ್ಲಿ ಬರೆದ ಅಕ್ಷರ. ನಡುವೆ ಎರಡು ಅಕ್ಷರ ಮಾಸಿತ್ತು, ಉಳಿದದ್ದು ಓದುವ ಹಾಗಿತ್ತು. ಅಜ್ಜನ ಹೆಸರು, ಕೆಳಗೆ 'ಜವಳಿ ವ್ಯಾಪಾರಿಗಳು' ಅಂತ. ಅದು ಅಲ್ಲೇ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

"ಒರೆಸ್ಲಿಕ್ಕೆ ಎಂತ ಹಾಕ್ಬೇಕು ಅಂತ ಆಚಾರ್ರ ಹತ್ರ ಕೇಳಿದೀನಿ. ಅವರು ಬರೋವರೆಗೆ ಮುಟ್ಟಬೇಡಿ ಅಂದಿದಾರೆ," ಅಂದರು.

ಏಣಿ ವಾಪಸ್ ಕೊಡಲಿಕ್ಕೆ ಹೊರಟಿದ್ದೀರಾ ಅಂತ ಕೇಳಿದೆ.

"ಇಲ್ಲ, ಇಲ್ಲೇ ಇರ್ತದೆ. ಪಕ್ಕದ ಪಾತ್ರೆ ಅಂಗಡಿಯವ್ರಿಗೆ ನಾಳೆ ಬೇಕಂತೆ. ಅವರದ್ದರ ಕೆಳಗೆ ಎಂತ ಉಂಟು ನೋಡ್ತಾರಂತೆ."